ತಾಲೀಮಿನ ಕಪ್: ತೈಪೆಯ ಜೋನ್ಸ್ ಟೂರ್ನಿ ಮತ್ತು ಸ್ಪೇನಿಗೆ ಹೋಗದ ತಂಡ

ಹೋದ ವರ್ಷ ದಸರಾ ಕ್ರೀಡಾಕೂಟದ ವರದಿಗೆಂದು ಜಿಲ್ಲಾ ಕ್ರೀಡಾಂಗಣಕ್ಕೆ ಹೋಗಿದ್ದೆವು. ಬಾಸ್ಕೆಟ್‌ಬಾಲ್ ಅಂಕಣದ ಪಕ್ಕದ ಕಟ್ಟೆ ಮೇಲೆ ಒಬ್ಬ ಪಿಟಿ ಮೇಷ್ಟ್ರು ಸುಮ್ಮನೆ ಕೂತಿದ್ದರು. ಅವರ ಶಾಲೆಯ ಹುಡುಗಿಯರು ಮೊದಲ ಪಂದ್ಯದಲ್ಲೇ ದೊಡ್ಡ ಅಂತರದಲ್ಲಿ ಸೋತು, ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೊರಟಿದ್ದರು. ಮಾತಿಗೆಳೆದಾಗ ಮೇಷ್ಟ್ರು ಹೇಳಿದ್ದು ಇಷ್ಟು: "ಹೇಳಿಕೊಡೋದೆಲ್ಲ ಹೇಳಿಕೊಟ್ಟೀನಿ ಸಾರ್. ಆದ್ರೆ ಬೇರೆ ಊರಿನವರ ಎದುರು ಈ ಮಕ್ಕಳು ಆಡಿದ್ದು ಇವತ್ತೇ ಮೊದಲು. ತಾಲೀಮಿಲ್ದೆ ಸೀದಾ ಸ್ಟೇಜ್ ಹತ್ತಿಸಿದಂಗಾಯ್ತು."

ತಾಲೀಮು ಅಂದರೆ ಏನು ಅಂತ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಜಾತ್ರೆ ನಾಟಕಕ್ಕೆ ಎರಡು ತಿಂಗಳು ಮೊದಲೇ ಗುಡಿ ಮುಂದೆ ಹಾರ್ಮೋನಿಯಂ ಮೇಷ್ಟ್ರು ಬಂದು ಕೂರುತ್ತಾರೆ. ಗರಡಿಯಲ್ಲಿ ಪೈಲ್ವಾನರು ತಮ್ಮತಮ್ಮಲ್ಲೇ ಪಟ್ಟು ಹಾಕಿದರೆ ಸಾಲದು, ಪಕ್ಕದೂರಿನ ಗರಡಿಯವರನ್ನೂ ಕರೆಸಿ ಮೈ ಕೂಡಿಸುತ್ತಾರೆ. ದೇಶದೇಶಗಳ ತಂಡಗಳೂ ಮಾಡುವುದು ಇದನ್ನೇ. ಬಾಸ್ಕೆಟ್‌ಬಾಲ್‌ನಲ್ಲಿ ಏಷ್ಯಾ ಮಟ್ಟಿಗೆ ಇಂಥ ತಾಲೀಮಿನ ಟೂರ್ನಿಗಳಲ್ಲಿ ಬಹಳ ಹಳೆಯದು, ಹೆಸರಾದದ್ದು ತೈವಾನ್ ದ್ವೀಪದ ವಿಲಿಯಂ ಜೋನ್ಸ್ ಕಪ್. 1977ರಲ್ಲಿ ತೈಪೆ ನಗರದಲ್ಲಿ ಶುರುವಾಯಿತು. ಕರೆದವರು ಬಂದು ಆಡುವ ಟೂರ್ನಿ ಇದು. ಗೆದ್ದರೆ ಒಲಿಂಪಿಕ್ಸ್‌ಗೆ ಟಿಕೆಟ್ ಸಿಗುವುದಿಲ್ಲ, ವಿಶ್ವಕಪ್‌ಗೆ ದಾರಿ ತೆರೆಯುವುದಿಲ್ಲ. ಆದರೂ ಈ ಕಪ್‌ನ ಸುತ್ತ ನಡೆದಿರುವ ಕಥೆ ದೊಡ್ಡದು. ಅದನ್ನು ಹೇಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆವು.

ಮೊದಲು ಹೆಸರಿನ ವಿಷಯ. ರೆನಾಟೊ ವಿಲಿಯಂ ಜೋನ್ಸ್ ಬ್ರಿಟಿಷ್ ಪ್ರಜೆ, ಆದರೆ 1906ರಲ್ಲಿ ಹುಟ್ಟಿದ್ದು ಇಟಲಿಯ ರೋಮ್‌ನಲ್ಲಿ. ಓದಿದ್ದು ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಕಾಲೇಜಿನಲ್ಲಿ. 1891ರ ಚಳಿಗಾಲದಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಮೇಷ್ಟ್ರು ಹುಡುಗರನ್ನು ಒಳಗೇ ಆಡಿಸಬೇಕೆಂದು ಗೋಡೆಗೆ ಹಣ್ಣಿನ ಬುಟ್ಟಿ ಹೊಡೆದು ಬಾಸ್ಕೆಟ್‌ಬಾಲ್ ಹುಟ್ಟಿಸಿದ್ದು ಆ ಸಂಸ್ಥೆಯಲ್ಲೇ. ಜೋನ್ಸ್ ಅಲ್ಲಿಂದ ಆಟವನ್ನು ಯುರೋಪಿಗೆ ತಂದವರಲ್ಲಿ ಒಬ್ಬರು. 1932ರಲ್ಲಿ ಜಿನೀವಾದಲ್ಲಿ ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ, ಅಂದರೆ ಫಿಬಾ, ಹುಟ್ಟಿದಾಗ ಮುಂದೆ ನಿಂತವರು. ಅಂದಿನಿಂದ 1976ರವರೆಗೆ ಅದರ ಪ್ರಧಾನ ಕಾರ್ಯದರ್ಶಿ ಇವರೇ. 44 ವರ್ಷ ಒಂದೇ ಕುರ್ಚಿ! ನಮ್ಮ ಸಹಕಾರ ಸಂಘಗಳಲ್ಲೂ ಇಂಥ ದಾಖಲೆ ಅಪರೂಪ.

ಆದರೆ ಲೋಕ ಅವರನ್ನು ನೆನಪಿಟ್ಟುಕೊಂಡಿರುವುದು ಮೂರು ಸೆಕೆಂಡಿಗೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನ ಫೈನಲ್. ಒಂದು ಕಡೆ ಅಮೆರಿಕ, ಒಂದು ಕಡೆ ಸೋವಿಯತ್ ಒಕ್ಕೂಟ. ಅಮೆರಿಕ ಒಲಿಂಪಿಕ್ಸ್‌ನಲ್ಲಿ ಅಲ್ಲಿವರೆಗೆ ಒಂದು ಪಂದ್ಯವನ್ನೂ ಸೋತಿರಲಿಲ್ಲ. ಸಾಲಾಗಿ 63 ಪಂದ್ಯ ಗೆದ್ದಿತ್ತು. ಕೊನೆಗೆ ಮೂರು ಸೆಕೆಂಡ್ ಉಳಿದಾಗ ಡಗ್ ಕಾಲಿನ್ಸ್ ಎರಡು ಫ್ರೀ ಥ್ರೋ ಹಾಕಿ 50-49 ಮಾಡಿದ. ಚೆಂಡು ಸೋವಿಯತ್ ಕೈಗೆ. ಅವರ ಕೋಚ್‌ಗಳು ನಾವು ಟೈಮ್‌ಔಟ್ ಕೇಳಿದ್ದೆವು, ಕೊಡಲಿಲ್ಲ ಅಂತ ಮೇಜಿನ ಹತ್ತಿರ ಗಲಾಟೆಗೆ ನಿಂತರು. ಒಂದು ಸೆಕೆಂಡ್ ಬಾಕಿ ಇರುವಾಗ ಆಟ ನಿಂತಿತು. ಆಗ ಪ್ರೇಕ್ಷಕರ ಸಾಲಿನಿಂದ ಇಳಿದು ಬಂದ ಜೋನ್ಸ್, ಗಡಿಯಾರಕ್ಕೆ ಮತ್ತೆ ಮೂರು ಸೆಕೆಂಡ್ ಹಾಕಿ ಎಂದರು. ಪಂದ್ಯದ ನಡುವೆ ಹೀಗೆ ಹೇಳುವ ಅಧಿಕಾರ ಅವರಿಗೆ ಇರಲಿಲ್ಲ. ಆದರೆ ಅಧ್ಯಕ್ಷರು ಬಾಯಿಬಿಟ್ಟರೆ ಇಲ್ಲ ಅನ್ನುವ ಕಾರ್ಯದರ್ಶಿ ಎಲ್ಲಿ ಸಿಗುತ್ತಾನೆ, ಅದೂ ಹಾಗೇ. ಮತ್ತೆ ಆಡಿಸಿದರು. ಗಡಿಯಾರ ಸರಿಯಾಗಿ ಹಿಂದಕ್ಕೆ ಹೋಗಿರಲಿಲ್ಲ. ಸದ್ದು ಮೊಳಗಿತು, ಅಮೆರಿಕದವರು ಗೆದ್ದೆವೆಂದು ಕುಣಿದರು. ಇಲ್ಲ, ಇನ್ನೊಂದು ಸಲ ಎಂದರು. ಮೂರನೇ ಸಲ ಇವಾನ್ ಎದೆಷ್ಕೊ ಅಂಕಣದ ಈ ತುದಿಯಿಂದ ಆ ತುದಿಗೆ ಚೆಂಡೆಸೆದ, ಅಲೆಕ್ಸಾಂಡರ್ ಬೆಲೋವ್ ಹಿಡಿದು ಬುಟ್ಟಿಗೆ ಹಾಕಿದ. 51-50. ಮೇಲ್ಮನವಿ ಮೂರಕ್ಕೆ ಎರಡು ಮತದಲ್ಲಿ ಬಿದ್ದುಹೋಯಿತು. ಅಮೆರಿಕದ ಆಟಗಾರರು ಬೆಳ್ಳಿ ಪದಕ ಮುಟ್ಟಲೇ ಇಲ್ಲ.

ಇಂಥ ಮನುಷ್ಯ ನಿವೃತ್ತರಾದ ಮರುವರ್ಷವೇ ಅವರ ಹೆಸರಿನಲ್ಲಿ ತೈಪೆಯಲ್ಲಿ ಟೂರ್ನಿ ಶುರುವಾಯಿತು. 1981ರಲ್ಲಿ ತೀರಿಕೊಂಡ ಜೋನ್ಸ್, ಬದುಕಿರುವಾಗಲೇ ತಮ್ಮ ಹೆಸರಿನ ಕಪ್ ನೋಡಿದರು.

ತೈಪೆಯೇ ಏಕೆ? ಇದಕ್ಕೆ ಆಟದಿಂದ ಸ್ವಲ್ಪ ಹೊರಗೆ ಹೋಗಬೇಕು. 1949ರಲ್ಲಿ ಚೀನಾದಲ್ಲಿ ಕಮ್ಯುನಿಸ್ಟರು ಗೆದ್ದಾಗ ಸೋತ ಸರ್ಕಾರ ತೈವಾನ್ ದ್ವೀಪಕ್ಕೆ ಹೋಗಿ ಕೂತಿತು. 'ಚೀನಾ ಗಣರಾಜ್ಯ' ಎಂಬ ಹೆಸರು ಬಿಡಲಿಲ್ಲ. ಇಪ್ಪತ್ತು ಚಿಲ್ಲರೆ ವರ್ಷ ವಿಶ್ವಸಂಸ್ಥೆಯಲ್ಲಿ ಚೀನಾದ ಕುರ್ಚಿಯೂ ಅದರದೇ. 1971ರ ಅಕ್ಟೋಬರಿನಲ್ಲಿ ಆ ಕುರ್ಚಿ ಬೀಜಿಂಗ್‌ಗೆ ಹೋಯಿತು. ಅಲ್ಲಿಂದ ಒಂದೊಂದೇ ಬಾಗಿಲು ಮುಚ್ಚತೊಡಗಿತು. 1975ರಲ್ಲಿ ಬ್ಯಾಂಕಾಕಿನ ಏಷ್ಯಾ ಬಾಸ್ಕೆಟ್‌ಬಾಲ್ ಚಾಂಪಿಯನ್‌ಶಿಪ್‌ಗೆ ಬೀಜಿಂಗ್‌ನ ಚೀನಾ ಮೊದಲ ಸಲ ಬಂತು, ಬಂದ ಸಲವೇ ಗೆದ್ದಿತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ಗೆ ತೈವಾನ್ ತನ್ನ ಹಳೇ ಹೆಸರಿನಲ್ಲಿ ಬರುವುದಕ್ಕೆ ಕೆನಡಾ ಸರ್ಕಾರ ಒಪ್ಪಲಿಲ್ಲ. ತಂಡ ಆಡದೆ ಮನೆಗೆ ಹೋಯಿತು.

ಅಂದರೆ ಊರಿನ ಪಂಕ್ತಿಯಿಂದ ಹೊರಗಿಟ್ಟ ಮನೆಯ ಪರಿಸ್ಥಿತಿ. ಅಂಥವರು ಏನು ಮಾಡಬಹುದು? ತಾವೇ ಒಂದು ಊಟ ಹಾಕಿ ನಾಲ್ಕು ಜನರನ್ನು ಕರೆಯಬಹುದು. ದೊಡ್ಡ ಸಂಸ್ಥೆಗಳ ಟೂರ್ನಿಗೆ ಹೋಗಲು ಹೆಸರು, ಬಾವುಟ, ರಾಷ್ಟ್ರಗೀತೆ ಎಲ್ಲದಕ್ಕೂ ತಕರಾರು. ಕರೆಯೋಲೆಯ ಟೂರ್ನಿಗೆ ಅಷ್ಟು ತಂಟೆ ಇಲ್ಲ. ಮ್ಯೂನಿಕ್‌ನಲ್ಲಿ ಅಮೆರಿಕದವರನ್ನು ಅಳಿಸಿದ ಜೋನ್ಸ್ ಹೆಸರಿನ ಟೂರ್ನಿಗೆ ಅಮೆರಿಕದ ತಂಡಗಳೇ ಮೇಲಿಂದ ಮೇಲೆ ಬಂದವು. 1981ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಜೊತೆ ರಾಜಿಯಾಗಿ ತೈವಾನ್ 'ಚೈನೀಸ್ ತೈಪೆ' ಎಂಬ ಹೆಸರು ಒಪ್ಪಿಕೊಂಡು, ಬೇರೆ ಬಾವುಟ ಹಿಡಿದು ವಾಪಸ್ ಬಂತು. ಇವತ್ತಿಗೂ ಟಿವಿಯಲ್ಲಿ ಆ ಹೆಸರೇ ಬರುತ್ತದೆ. ನಡುವಿನ ಕಷ್ಟದ ವರ್ಷಗಳಲ್ಲಿ ಅಲ್ಲಿನ ಆಟಗಾರರು ಹೊರದೇಶದ ತಂಡಗಳ ಎದುರು ತಮ್ಮ ಜನರ ಮುಂದೆ ಆಡಲು ಸಿಕ್ಕ ಅಂಗಳ ಇದು. ಮನೆಯವರಿಗೆ ಅದು ಬಾಗಿಲು, ಬಂದ ಅತಿಥಿಗಳಿಗೆ ತಾಲೀಮು.

ಅತಿಥಿಗಳಿಗೆ ಇದರಿಂದ ಏನು ಲಾಭ ಅನ್ನುವುದನ್ನೂ ಹೇಳಿಬಿಡುತ್ತೇವೆ. ಟೂರ್ನಿ ಸಾಮಾನ್ಯವಾಗಿ ಬೇಸಿಗೆ ಕಾಲದಲ್ಲಿ, ಹೆಚ್ಚಾಗಿ ಜುಲೈ-ಆಗಸ್ಟ್‌ನಲ್ಲಿ. ದೊಡ್ಡ ಪಂದ್ಯಾವಳಿಗಳು ಅದರ ಬೆನ್ನಿಗೇ ಇರುತ್ತವೆ. ಈಚಿನ ವರ್ಷಗಳಲ್ಲಿ ಲೀಗ್ ಪದ್ಧತಿ: ಎಲ್ಲರೂ ಎಲ್ಲರ ಎದುರು ಆಡಬೇಕು. ಒಂದು ಪಂದ್ಯ ಸೋತರೆ ಗಂಟುಮೂಟೆ ಕಟ್ಟಬೇಕಿಲ್ಲ, ನಾಳೆ ಮತ್ತೊಂದು ಪಂದ್ಯ ಇದ್ದೇ ಇದೆ. ಇವತ್ತು ಕೊರಿಯಾದ ದೂರದ ಹೊಡೆತ, ನಾಳೆ ಇರಾನಿನ ಎತ್ತರದ ಆಳುಗಳು, ನಾಡಿದ್ದು ಜಪಾನಿನ ಓಟ. ಎಂಟು ಒಂಬತ್ತು ದಿನದಲ್ಲಿ ಒಂದು ವರ್ಷದ ಪಾಠ. ಕೋಚ್ ಆದವರು ಹನ್ನೆರಡು ಜನರನ್ನೂ ಇಳಿಸಿ ನೋಡಬಹುದು. ದಣಿದ ಕಾಲಿನಲ್ಲಿ ಯಾರು ಚೆಂಡು ಬಿಡುತ್ತಾರೆ, ಯಾರು ಬಿಡುವುದಿಲ್ಲ ಎಂಬುದು ಗೊತ್ತಾಗುತ್ತದೆ. ಇದು ಶಿಬಿರದಲ್ಲಿ ಗೊತ್ತಾಗುವ ಸಂಗತಿಯಲ್ಲ.

ಈ ಕಪ್ ಅನ್ನು ಮನಸಾರೆ ಹಚ್ಚಿಕೊಂಡ ದೇಶ ಫಿಲಿಪ್ಪೀನ್ಸ್. ನಮ್ಮ ಕಡೆ ಕ್ರಿಕೆಟ್ ಹೇಗೋ ಅಲ್ಲಿ ಬಾಸ್ಕೆಟ್‌ಬಾಲ್ ಹಾಗೆ. ಅಮೆರಿಕದ ಆಡಳಿತವಿದ್ದಾಗ ಹೋದ ಆಟ, ಓಣಿಓಣಿಯಲ್ಲಿ ಬೇರುಬಿಟ್ಟಿತು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಐದನೇ ಸ್ಥಾನ, 1954ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಂಚು. ಏಷ್ಯಾದಲ್ಲಿ ಅವರೇ ಯಜಮಾನರು. ಆದರೆ 1975ರಲ್ಲಿ ಎರಡು ಸಂಗತಿ ಒಟ್ಟಿಗೇ ಆದವು. ಬೀಜಿಂಗ್‌ನ ಚೀನಾ ಕಣಕ್ಕಿಳಿದದ್ದನ್ನು ಮೇಲೆ ಹೇಳಿದೆವು. ಇನ್ನೊಂದು, ಫಿಲಿಪ್ಪೀನ್ಸ್‌ನಲ್ಲಿ ಏಷ್ಯಾದ ಮೊದಲ ವೃತ್ತಿಪರ ಲೀಗ್ ಪಿಬಿಎ ಶುರುವಾಯಿತು. ಒಳ್ಳೆ ಆಟಗಾರರೆಲ್ಲ ಸಂಬಳಕ್ಕೆ ಅಲ್ಲಿ ಸೇರಿಕೊಂಡರು. ಫಿಬಾ ನಿಯಮದಂತೆ ಸಂಬಳ ತೆಗೆದುಕೊಂಡು ಆಡುವವರು ದೇಶದ ತಂಡಕ್ಕೆ ಆಡುವಂತಿಲ್ಲ. ಆ ನಿಯಮ ಹೋದದ್ದು 1989ರಲ್ಲಿ. ಹೀಗಾಗಿ ಮನೆತುಂಬ ಆಟಗಾರರಿದ್ದೂ ದೇಶದ ತಂಡಕ್ಕೆ ಬರಗಾಲ.

ಆ ಹೊತ್ತಿಗೆ ಮುಂದೆ ಬಂದವರು ಎಡ್ವಾರ್ಡೊ ಕೊಹ್ವಾಂಕೊ. ಜನ ಕರೆಯುತ್ತಿದ್ದುದು 'ಡ್ಯಾಂಡಿಂಗ್' ಎಂದು. ದೊಡ್ಡ ಉದ್ಯಮಿ, ಸರ್ವಾಧಿಕಾರಿ ಫರ್ಡಿನಾಂಡ್ ಮಾರ್ಕೋಸ್‌ನ ಆಪ್ತ. ಅವರು ಅಮೆರಿಕದಿಂದ ರಾನ್ ಜೇಕಬ್ಸ್ ಎಂಬ ಕಾಲೇಜು ಕೋಚ್‌ನನ್ನು ಕರೆತಂದರು. ಹಣ ಇವರದು, ಪಾಠ ಅವನದು. ಜೇಕಬ್ಸ್ ಕಾಲೇಜು ಹುಡುಗರನ್ನು ಆರಿಸಿಕೊಂಡ: ಸ್ಯಾಂಬಾಯ್ ಲಿಮ್, ಅಲನ್ ಕೈಡಿಕ್, ಹೆಕ್ಟರ್ ಕಾಲ್ಮಾ. ಜೊತೆಗೆ ಅಮೆರಿಕದಿಂದ ಬಂದು ಫಿಲಿಪ್ಪೀನ್ಸ್ ಪೌರತ್ವ ಪಡೆದ ಡೆನಿಸ್ ಸ್ಟಿಲ್, ಜೆಫ್ ಮೂರ್, ಚಿಪ್ ಎಂಗೆಲ್ಯಾಂಡ್. ಹೊರಗಿನವರನ್ನು ಸೇರಿಸಿಕೊಳ್ಳುವುದು ಸರಿಯೇ ಎಂಬ ಚರ್ಚೆ ಅಲ್ಲಿ ಆಗಲೂ ಇತ್ತು, ಈಗಲೂ ಮುಗಿದಿಲ್ಲ. ತಂಡಕ್ಕೆ ಹೆಸರು ಒಂದು ಸಿಮೆಂಟ್ ಕಂಪನಿಯದು, ನಾರ್ದರ್ನ್ ಕನ್ಸಾಲಿಡೇಟೆಡ್ ಸಿಮೆಂಟ್, ಚಿಕ್ಕದಾಗಿ ಎನ್‌ಸಿಸಿ. ನಮ್ಮಲ್ಲಿ ಎನ್‌ಸಿಸಿ ಅಂದರೆ ಖಾಕಿ ಬಟ್ಟೆಯ ಪರೇಡು; ಮೊದಲ ಸಲ ಓದಿದಾಗ ನಾವೂ ಹಾಗೇ ತಿಳಿದಿದ್ದೆವು.

ಜೇಕಬ್ಸ್ ಈ ತಂಡವನ್ನು ಮೂಲೆಯಲ್ಲಿ ಬಚ್ಚಿಟ್ಟು ಬೆಳೆಸಲಿಲ್ಲ. ಸಿಕ್ಕ ಸಿಕ್ಕಲ್ಲಿ ಆಡಿಸಿದ. ವೃತ್ತಿಪರರ ಪಿಬಿಎ ಲೀಗಿಗೇ ಅತಿಥಿ ತಂಡವಾಗಿ ಇಳಿಸಿದ. ಸಂಬಳದ ಆಟಗಾರರ ಎದುರು ಕಾಲೇಜು ಹುಡುಗರು. 1985ರಲ್ಲಿ ಆ ಲೀಗಿನ ಒಂದು ಪ್ರಶಸ್ತಿಯನ್ನೇ ಗೆದ್ದುಬಿಟ್ಟರು. ಅದೇ ವರ್ಷ ತೈಪೆಯ ಜೋನ್ಸ್ ಕಪ್‌ಗೆ ಹೋದರು. ಫೈನಲ್‌ನಲ್ಲಿ ಎದುರು ಸಿಕ್ಕಿದ್ದು ಅಮೆರಿಕ. ಪಂದ್ಯ ಸಮವಾಗಿ ಹೆಚ್ಚುವರಿ ಅವಧಿಗೆ ಹೋಯಿತು. ಅಲ್ಲಿ ಫಿಲಿಪ್ಪೀನ್ಸ್ ಗೆದ್ದಿತು.

ತಾಲೀಮಿನಲ್ಲಿ ಗೆದ್ದ ತಂಡ ರಂಗದಲ್ಲೂ ಗೆದ್ದಿತು. 1985ರ ಕೊನೆಯ ದಿನಗಳಲ್ಲಿ ಶುರುವಾಗಿ 1986ರ ಜನವರಿ ಮೊದಲ ವಾರ ಮುಗಿದ ಏಷ್ಯಾ ಚಾಂಪಿಯನ್‌ಶಿಪ್, ಮಲೇಷ್ಯಾದ ಕ್ವಾಲಾಲಂಪುರದಲ್ಲಿ. ಚೀನಾ, ಕೊರಿಯಾ ಎಲ್ಲ ಇದ್ದ ಕಣದಲ್ಲಿ ಫಿಲಿಪ್ಪೀನ್ಸ್‌ಗೆ ಚಿನ್ನ. ಅದರ ಜೊತೆ ಸ್ಪೇನಿನ ವಿಶ್ವ ಚಾಂಪಿಯನ್‌ಶಿಪ್‌ಗೆ ಸೀಟು. ಜುಲೈಗೆ ಆರೇ ತಿಂಗಳು.

ಈ ಆರು ತಿಂಗಳಲ್ಲಿ ಏನಾಯಿತು ಅನ್ನುವುದೇ ನಮಗೆ ಈ ಕಥೆಯಲ್ಲಿ ಬಿಡದೆ ಕಾಡಿದ್ದು. ಫೆಬ್ರವರಿಯಲ್ಲಿ ಮನಿಲಾದಲ್ಲಿ ಜನ ರಸ್ತೆಗಿಳಿದರು. ಚುನಾವಣೆಯಲ್ಲಿ ಮೋಸ ಮಾಡಿದ ಮಾರ್ಕೋಸ್ ಇಳಿಯಬೇಕು ಅಂತ ಲಕ್ಷಾಂತರ ಮಂದಿ ಟ್ಯಾಂಕುಗಳ ಮುಂದೆ ಕೂತರು. ಫೆಬ್ರವರಿ 25ಕ್ಕೆ ಮಾರ್ಕೋಸ್ ದೇಶ ಬಿಟ್ಟು ಹವಾಯಿಗೆ ಓಡಿದ. ಅವನ ಜೊತೆ ಹೊರಟವರಲ್ಲಿ ಡ್ಯಾಂಡಿಂಗ್ ಕೊಹ್ವಾಂಕೊ ಕೂಡ ಒಬ್ಬರು. ಹೊಸ ಅಧ್ಯಕ್ಷೆಯಾದ ಕೊರಾಜೋನ್ ಅಕಿನೊ ಅವರ ತವರು ಮನೆತನವೂ ಕೊಹ್ವಾಂಕೊ! ಇಬ್ಬರೂ ಅಣ್ಣತಮ್ಮಂದಿರ ಮಕ್ಕಳು, ಮಾತು ಬಿಟ್ಟವರು. ದಾಯಾದಿ ಜಗಳ ಒಂದು ದೇಶದ ಅರಮನೆವರೆಗೆ ಹೋದದ್ದು ಹೀಗೆ.

ಸರ್ವಾಧಿಕಾರಿ ಹೋದದ್ದು ಒಳ್ಳೆಯದೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ತಂಡಕ್ಕೆ ಅನ್ನ ಹಾಕುತ್ತಿದ್ದ ಕೈಯೂ ಅವನ ಜೊತೆಗೇ ಹೋಯಿತು. ದೇಶದ ತಂಡ ಎಂದು ಕರೆದರೂ ಅದು ನಿಂತಿದ್ದು ಒಬ್ಬ ಧಣಿಯ ಹಣದ ಮೇಲೆ. ಎನ್‌ಸಿಸಿ ತಂಡ ಚದುರಿತು. ಸ್ಪೇನಿಗೆ ಫಿಲಿಪ್ಪೀನ್ಸ್ ಹೋಗಲಿಲ್ಲ. ಏಷ್ಯಾದ ಚಾಂಪಿಯನ್ ಮನೆಯಲ್ಲೇ ಉಳಿಯಿತು, ಚೀನಾ ಮತ್ತು ಕೊರಿಯಾದ ಜೊತೆ ಮಲೇಷ್ಯಾ ಹೋಗಿ ಆಡಿತು. ಆ ವರ್ಷ ಸೋಲ್‌ನಲ್ಲಿ ನಡೆದ ಏಷ್ಯನ್ ಗೇಮ್ಸ್‌ಗೆ ಬೇರೆ ಕೋಚ್ ಜೊತೆ ಹೋದ ತಂಡ ಕಂಚು ತಂದಿತು. ವಿಶ್ವಮಟ್ಟದ ಕಣಕ್ಕೆ ಫಿಲಿಪ್ಪೀನ್ಸ್ ಮತ್ತೆ ಕಾಲಿಟ್ಟಿದ್ದು 2014ರಲ್ಲಿ. ಕಾಕತಾಳೀಯ ನೋಡಿ, ಆ ವಿಶ್ವಕಪ್ ನಡೆದದ್ದೂ ಸ್ಪೇನಿನಲ್ಲೇ. ಅಷ್ಟರಲ್ಲಿ ಲಿಮ್, ಕೈಡಿಕ್ ಎಲ್ಲ ಆಟ ಬಿಟ್ಟು ಎಷ್ಟೋ ಕಾಲವಾಗಿತ್ತು. ಎಂಗೆಲ್ಯಾಂಡ್ ಅಮೆರಿಕದ ಎನ್‌ಬಿಎಯಲ್ಲಿ ಸ್ಯಾನ್ ಆಂಟೋನಿಯೊ ತಂಡದವರಿಗೆ ಗುರಿಯಿಟ್ಟು ಎಸೆಯುವುದನ್ನು ಕಲಿಸುವ ಕೋಚ್ ಆಗಿ ಹೆಸರು ಮಾಡಿದ್ದ. ಜೇಕಬ್ಸ್‌ಗೆ 2002ರ ಏಷ್ಯನ್ ಗೇಮ್ಸ್‌ಗಾಗಿ ತಂಡ ಕಟ್ಟುವ ಕೆಲಸ ಮತ್ತೆ ಕೈಗೆ ಬಂದಿತ್ತು. ಅರ್ಧದಲ್ಲೇ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದ. ಅವನ ಬದಲು ಬೇರೆಯವರು ಕರೆದೊಯ್ದ ತಂಡ ಸೆಮಿಫೈನಲ್‌ನಲ್ಲಿ ಕೊರಿಯಾ ಎದುರು ಕೊನೇ ಕ್ಷಣದ ಎಸೆತಕ್ಕೆ ಒಂದೇ ಅಂಕದಲ್ಲಿ ಸೋತಿತು.

ಒಂದು ತಂಡ ಕಟ್ಟಲು ಐದು ವರ್ಷ ಬೇಕಾಯಿತು, ಚದುರಲು ಒಂದು ವಾರ ಸಾಕಾಯಿತು. ಇದರಲ್ಲಿ ತಪ್ಪು ಯಾರದು ಅಂತ ನಮ್ಮೊಳಗೇ ಜಗಳವಾಗಿದೆ. ಹಣವಂತರು ಕೈ ಹಾಕದಿದ್ದರೆ ತಂಡವೇ ಇರುತ್ತಿರಲಿಲ್ಲ ಎನ್ನುವವರು ನಮ್ಮಲ್ಲೇ ಇದ್ದಾರೆ. ಹೌದು. ಆದರೆ ಆಟಗಾರರು ಗೆದ್ದು ತಂದ ಸೀಟು ಆಟಗಾರರದೇ ಆಗಬೇಕಿತ್ತು. ಸರ್ಕಾರ ಬದಲಾದರೆ ಹೋಗಿಬಿಡುವ ಸೀಟು ಅದು ಆಗಬಾರದಿತ್ತು ಎಂಬುದು ನಮ್ಮ ಅಭಿಪ್ರಾಯ.

ಮುಂದಿನದನ್ನು ಬೇಗ ಹೇಳುತ್ತೇವೆ. 1988ರಲ್ಲಿ ತೈಪೆಯ ದೊಡ್ಡ ಒಳಾಂಗಣ ಕ್ರೀಡಾಂಗಣಕ್ಕೆ ಬೆಂಕಿ ಬಿತ್ತು, ಮರುವರ್ಷ ಟೂರ್ನಿಯೇ ನಡೆಯಲಿಲ್ಲ. 1998 ಫಿಲಿಪ್ಪೀನ್ಸ್‌ನ ಸ್ವಾತಂತ್ರ್ಯ ಘೋಷಣೆಯ ನೂರನೇ ವರ್ಷ. ಅಷ್ಟೊತ್ತಿಗೆ ವೃತ್ತಿಪರರಿಗೂ ಬಾಗಿಲು ತೆರೆದಿತ್ತು. ಟಿಮ್ ಕೋನ್ ಕೋಚ್ ಆಗಿ ಶತಮಾನೋತ್ಸವದ ತಂಡ ಕಟ್ಟಿ, ಮೊದಲು ಜೋನ್ಸ್ ಕಪ್ ಗೆದ್ದು, ಆಮೇಲೆ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ತಂದರು. 2012ರಲ್ಲಿ ಮತ್ತೆ ಕಪ್ ಗೆದ್ದರು, ಅಮೆರಿಕದ ಎದುರು 76-75ರಲ್ಲಿ, ಒಂದೇ ಅಂಕ. ಮರುವರ್ಷ ಮನಿಲಾದಲ್ಲಿ ಏಷ್ಯಾ ಬೆಳ್ಳಿ ಗೆದ್ದೇ ಸ್ಪೇನಿಗೆ ಹೋಗುವ ಅರ್ಹತೆ ಪಡೆದದ್ದು. ಕೋವಿಡ್ ವರ್ಷಗಳಲ್ಲಿ ನಿಂತ ಟೂರ್ನಿ 2023ರಲ್ಲಿ ಮತ್ತೆ ಶುರುವಾಯಿತು. ಅದೇ ವರ್ಷ ಚೀನಾದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಫಿಲಿಪ್ಪೀನ್ಸ್ ಚಿನ್ನ ಗೆದ್ದಿತು, 1962ರ ನಂತರ ಮೊದಲ ಸಲ. ಕೋಚ್ ಅದೇ ಟಿಮ್ ಕೋನ್. 1998ರ ಕಂಚಿನಿಂದ ಚಿನ್ನಕ್ಕೆ 25 ವರ್ಷ.

ಭಾರತದ ಪಾಡು? ನಮ್ಮ ಗಂಡಸರ ತಂಡ ಒಲಿಂಪಿಕ್ಸ್ ಆಡಿದ್ದು ಒಂದೇ ಸಲ, 1980ರ ಮಾಸ್ಕೋದಲ್ಲಿ. ಅದೂ ಹಲವು ದೇಶ ಬಹಿಷ್ಕಾರ ಹಾಕಿ ಜಾಗ ಖಾಲಿಯಾಗಿದ್ದರಿಂದ. ಒಂದೂ ಪಂದ್ಯ ಗೆಲ್ಲಲಿಲ್ಲ. ಆದರೆ ಆಡಿಸಿದಾಗ ನಮ್ಮವರೂ ಆಡಿದ್ದಾರೆ. 2014ರ ಜುಲೈನಲ್ಲಿ ವುಹಾನ್‌ನಲ್ಲಿ ಚೀನಾವನ್ನು ಅವರ ಮನೆಯಲ್ಲೇ 65-58ರಲ್ಲಿ ಸೋಲಿಸಿದರು. 2017ರ ಜುಲೈನಲ್ಲಿ ಜೋನ್ಸ್ ಕಪ್‌ಗೂ ಹೋಗಿದ್ದರು, ಮರು ತಿಂಗಳು ಲೆಬನಾನಿನ ಏಷ್ಯಾ ಕಪ್‌ಗೆ ತಯಾರಿಯಾಗಿ. ಏಷ್ಯಾ ಕಪ್‌ನ ಮೂರೂ ಪಂದ್ಯ ಸೋತರು. ಅದರಲ್ಲಿ ಜೋರ್ಡಾನ್ ಎದುರಿನ ಸೋಲು ಬರೀ ಎರಡು ಅಂಕದ್ದು. ಎರಡು ಅಂಕ ಅಂದರೆ ಒಂದು ಬುಟ್ಟಿ. ಅದೇ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆಯಿತು. ಅನಿತಾ ಪಾಲ್‌ದುರೈ ನಾಯಕಿಯಾಗಿದ್ದ ಭಾರತ, ಬಿ ವಿಭಾಗದ ಫೈನಲ್‌ನಲ್ಲಿ ಕಜಕಿಸ್ತಾನವನ್ನು 75-73ರಲ್ಲಿ ಸೋಲಿಸಿ ಎ ವಿಭಾಗಕ್ಕೆ ಏರಿತು. ಇಲ್ಲಿ ಗೆದ್ದದ್ದೂ ಎರಡೇ ಅಂಕದಲ್ಲಿ. ನಮ್ಮ ಜಿಲ್ಲೆಯಿಂದ ಬಸ್ ಹತ್ತಿ ನೋಡಿಬರಬಹುದಾಗಿತ್ತು. ಆ ವಾರ ನಾವು ಬರಗಾಲದ ವರದಿಯಲ್ಲಿ ಮುಳುಗಿದ್ದೆವು.

ಮೊನ್ನೆ ಸಂತೆಯಲ್ಲಿ ಆ ಪಿಟಿ ಮೇಷ್ಟ್ರು ಸಿಕ್ಕಿದ್ದರು. ಜೋನ್ಸ್ ಕಪ್ ವಿಷಯ ಹೇಳಿದೆವು. ಪೂರ್ತಿ ಕೇಳಿ, "ಕರೆದವರು ಊಟ ಹಾಕ್ತಾರೋ, ಬಂದವರೇ ಕಟ್ಕೊಂಡು ಬರ್ತಾರೋ?" ಎಂದರು. ಈ ಸಲ ದಸರಾಕ್ಕೆ ಮೊದಲೇ ಪಕ್ಕದ ತಾಲ್ಲೂಕಿನ ಎರಡು ಶಾಲೆಗಳಿಗೆ ಫೋನ್ ಮಾಡಿದ್ದಾರಂತೆ, ಒಂದು ಭಾನುವಾರ ನಮ್ಮಲ್ಲಿ ಬಂದು ಆಡಿ ಅಂತ. ಒಂದು ಶಾಲೆಯವರು ಬರುತ್ತೇವೆ ಅಂದಿದ್ದಾರೆ. ಇನ್ನೊಂದು ಶಾಲೆಯವರು ಬಸ್ ಚಾರ್ಜ್ ಯಾರು ಕೊಡುತ್ತಾರೆ ಅಂತ ಕೇಳಿದ್ದಾರೆ.